ಗಣಕಯಂತ್ರದ ಮುಂದೆ ಕೈಬೆರಳುಗಳ ಲೆಕ್ಕ

ಹೊಸ ಯಂತ್ರ ಬಂದರೆ ಕೆಲಸ ಬೇಗ ಮುಗಿಯುತ್ತದೆಂದು ನಾವೆಲ್ಲ ನಂಬುತ್ತೇವೆ. ಈ ನಂಬಿಕೆ ಎಷ್ಟು ಸರಿ ಎಂಬುದನ್ನು ಯಂತ್ರ ಕೊಳ್ಳುವ ಮೊದಲೇ ತಿಳಿಯಬಹುದೇ?

1983ರಲ್ಲಿ ಅಮೆರಿಕದಲ್ಲಿ ಸ್ಟುವರ್ಟ್ ಕಾರ್ಡ್, ಥಾಮಸ್ ಮೊರಾನ್ ಮತ್ತು ಅಲೆನ್ ನ್ಯೂವೆಲ್ ಒಂದು ಗ್ರಂಥವನ್ನು ಪ್ರಕಟಿಸಿದರು. ನುರಿತವರು ಗಣಕಯಂತ್ರದ ಮುಂದೆ ಮಾಡುವ ಕೆಲಸವನ್ನು ಗುರಿ, ಕ್ರಿಯೆ, ವಿಧಾನ, ಆಯ್ಕೆಯ ನಿಯಮ ಎಂದು ಬಿಡಿಸಿ, ನೋಡಲು, ಯೋಚಿಸಲು, ಗುಂಡಿ ಒತ್ತಲು ಹಿಡಿಯುವ ಸಮಯವನ್ನು ಲೆಕ್ಕಹಾಕಬಹುದೆಂದು ಅವರು ತೋರಿಸಿದರು. ಇಂಗ್ಲಿಷ್ ಆದ್ಯಕ್ಷರಗಳಿಂದ ಇದಕ್ಕೆ 'ಗಾಮ್ಸ್' ಎಂಬ ಹೆಸರಾಯಿತು.

ಈ ಸಿದ್ಧಾಂತಕ್ಕೆ ನಿಜವಾದ ಪರೀಕ್ಷೆ ಎದುರಾದದ್ದು ಟೆಲಿಫೋನ್ ಕಚೇರಿಯಲ್ಲಿ. ಟ್ರಂಕ್ ಕಾಲ್ ಕಾಲದ ಆಪರೇಟರುಗಳ ಬಗ್ಗೆ ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ, ಅಂಥದೇ ಕೆಲಸ. ನ್ಯೂಯಾರ್ಕ್ ಪ್ರದೇಶದ ಅಂದಿನ ನೈನೆಕ್ಸ್ ಕಂಪನಿ ತನ್ನ ಆಪರೇಟರುಗಳಿಗೆ ಹೊಸ ಯಂತ್ರಗಳನ್ನು ಕೊಡಲು ಹೊರಟಿತ್ತು. ಪ್ರತಿ ಕರೆಯಲ್ಲಿ ಸರಾಸರಿ ಒಂದು ಸೆಕೆಂಡು ಉಳಿದರೆ ವರ್ಷಕ್ಕೆ ಸುಮಾರು 30 ಲಕ್ಷ ಡಾಲರ್ ಉಳಿತಾಯ! ಹೊಸ ಯಂತ್ರದಲ್ಲಿ ಒತ್ತಬೇಕಾದ ಗುಂಡಿಗಳೂ ಕಡಿಮೆ. ಇನ್ನೇನು ಬೇಕು?

ವೇಯ್ನ್ ಗ್ರೇ, ಬಾನಿ ಜಾನ್, ಮೈಕೆಲ್ ಆಟ್‌ವುಡ್ ಕರೆಗಳನ್ನು ಬಿಡಿಸಿ ನೋಡಿದರು. ಅವರ ಲೆಕ್ಕ ಬೇರೆಯೇ ಹೇಳಿತು: ಹೊಸ ಯಂತ್ರ ಸುಮಾರು ಶೇಕಡಾ 3ರಷ್ಟು ನಿಧಾನ. ಕಾರಣ ಸ್ವಾರಸ್ಯವಾಗಿದೆ. ಆಪರೇಟರ್ ಮಾತನಾಡುತ್ತಲೇ, ಗಿರಾಕಿಯ ಮಾತು ಕೇಳುತ್ತಲೇ ಗುಂಡಿ ಒತ್ತುತ್ತಾರೆ. ಅನ್ನ ಬೇಯುವಷ್ಟರಲ್ಲಿ ತರಕಾರಿ ಹೆಚ್ಚಿ ಮುಗಿದಿದ್ದರೆ, ಇನ್ನೂ ಬೇಗ ಹೆಚ್ಚಿದ ಮಾತ್ರಕ್ಕೆ ಊಟ ಮೊದಲೇ ಸಿದ್ಧವಾದೀತೇ? ಕರೆಯ ಆರಂಭದಲ್ಲಿ ಕಡಿಮೆಯಾದ ಗುಂಡಿಗಳು ಇಂಥ ಬಿಡುವಿನಲ್ಲೇ ಒತ್ತುವಂಥವು. ಕೊನೆಗೆ ಹೋಗಿ ಸೇರಿದ ಗುಂಡಿಯೋ, ಮಾತೆಲ್ಲ ಮುಗಿದ ಮೇಲೆ ಒತ್ತಬೇಕಾದದ್ದು. ಅದು ಕರೆಗಳನ್ನು ಎಳೆಯಿತು.

ನಾಲ್ಕು ತಿಂಗಳು ನಿಜವಾದ ಕರೆಗಳ ಮೇಲೆ ಪ್ರಯೋಗ ನಡೆಯಿತು. ಹೊಸ ಯಂತ್ರ ನಿಧಾನವೆಂಬುದು ಖಚಿತವಾಯಿತು. ಕಂಪನಿ ಅದನ್ನು ಕೊಳ್ಳಲಿಲ್ಲ. ಈ ವರದಿ 1993ರಲ್ಲಿ ಪ್ರಕಟವಾಯಿತು. ಅದರ ಹೆಸರು 'ಪ್ರಾಜೆಕ್ಟ್ ಅರ್ನೆಸ್ಟೀನ್'. ನಟಿ ಲಿಲಿ ಟಾಮ್ಲಿನ್ ಅಭಿನಯಿಸಿದ ಹಾಸ್ಯದ ಟೆಲಿಫೋನ್ ಆಪರೇಟರ್ ಪಾತ್ರದ ಹೆಸರು ಅದು.

ಪ್ರಯೋಗವೊಂದರಿಂದಲೇ ನಿಧಾನವೆಂದು ತಿಳಿಯುತ್ತಿತ್ತಲ್ಲ, ಸಿದ್ಧಾಂತವೇಕೆ ಎಂದು ನೀವು ಕೇಳಬಹುದು. ಸಿದ್ಧಾಂತವಿಲ್ಲದಿದ್ದರೆ, 'ಆಪರೇಟರುಗಳಿಗೆ ಇನ್ನೂ ಅಭ್ಯಾಸವಾಗಿಲ್ಲ' ಎಂದು ದೋಷವನ್ನು ದುಡಿಯುವವರ ಮೇಲೆ ಹೊರಿಸುವುದು ಸುಲಭವಾಗುತ್ತಿತ್ತು. ಯಾವ ಗುಂಡಿಯಿಂದ ಎಷ್ಟು ತಡ ಎಂಬ ಲೆಕ್ಕ ಆ ದಾರಿಯನ್ನು ಮುಚ್ಚಿತು. ಆದರೆ ಈ ಲೆಕ್ಕ ನುರಿತ ಕೈಗಳಿಗಷ್ಟೇ ಅನ್ವಯಿಸುತ್ತದೆ. ಹೊಸಬರು ಎಲ್ಲಿ ತಡವರಿಸುತ್ತಾರೆ, ದಿನವಿಡೀ ಕರೆ ಸ್ವೀಕರಿಸಿದವರು ಎಷ್ಟು ದಣಿಯುತ್ತಾರೆ ಎಂಬುದನ್ನು ಅದು ಹೇಳದು.