ಕೂಲಿಮಠದ ಹಿರಿಯ ಹುಡುಗರು

ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲನು 1823ರಲ್ಲಿ ಬರೆದ ವರದಿಯಲ್ಲಿ ಆ ಜಿಲ್ಲೆಯ 533 ಪಾಠಶಾಲೆಗಳನ್ನು ಲೆಕ್ಕಿಸಿರುವನು. ಅವುಗಳಲ್ಲಿ 235 ಕನ್ನಡದವು. ಐಗಳು ಮೇಲಿನ ತರಗತಿಯವರನ್ನು ತಾವೇ ನೋಡಿಕೊಳ್ಳುತ್ತ, ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವ ಕಿರಿಯರನ್ನು ಬಹುಮಟ್ಟಿಗೆ ಹಿರಿಯ ವಿದ್ಯಾರ್ಥಿಗಳಿಗೆ ಒಪ್ಪಿಸುತ್ತಿದ್ದರು. ಕಲಿಸುವವನ ಕಲಿಕೆಯೂ ಇದರಿಂದ ದೃಢವಾಗುವುದೆಂದು ಕ್ಯಾಂಬೆಲನು ಮೆಚ್ಚಿದನು. ಮದ್ರಾಸಿನ ಅನಾಥಾಲಯದಲ್ಲಿ ಇಂಥದೇ ಕ್ರಮವನ್ನು ನಡೆಸಿದ ಆಂಡ್ರೂ ಬೆಲ್ಲನು 1797ರಲ್ಲಿ ಲಂಡನ್ನಿನಲ್ಲಿ ಅದನ್ನು ಪುಸ್ತಕರೂಪದಲ್ಲಿ ಪ್ರಕಟಿಸಲು, ಆಂಗ್ಲರ ಶಾಲೆಗಳೂ ಕಾಲಕ್ರಮದಲ್ಲಿ ಅದನ್ನು ಕೈಕೊಂಡವು. ಬೆಲ್ಲನಿಗೆ ಕೀರ್ತಿ ಬಂದಿತು. ಜಗಲಿಯ ಹುಡುಗನ ಹೆಸರು ಯಾವ ವರದಿಯಲ್ಲಿಯೂ ಇಲ್ಲ. ಆದರೆ ಪರದೇಶದ ಬಟ್ಟೆಯಿಂದ ನೇಯ್ಗೆಯವರ ಸಂಪಾದನೆ ಕುಗ್ಗಿ, ಎಳೆಯ ಕೈಗಳು ದುಡಿಮೆಗೆ ಇಳಿದು, ಮೊದಲು ಶಾಲೆಯಿದ್ದ ಅನೇಕ ಗ್ರಾಮಗಳಲ್ಲಿ ಆಗಲೇ ಒಂದೂ ಉಳಿದಿರಲಿಲ್ಲವೆಂದು ಕ್ಯಾಂಬೆಲನ ಅದೇ ವರದಿಯು ಹೇಳುವುದು.