ಮಿದುಳಿನ ದ್ರವದ ಹರಿವು: ಎಂಆರ್‌ಐ ಅಳತೆ ಎಷ್ಟು ವಿಶ್ವಾಸಾರ್ಹ?

ವಯಸ್ಕರ ಮಿದುಳು ಮತ್ತು ಬೆನ್ನುಹುರಿಯ ಸುತ್ತ ಸುಮಾರು 150 ಮಿಲಿಲೀಟರ್ ದ್ರವವಿರುತ್ತದೆ. ದಿನವೊಂದಕ್ಕೆ ಸುಮಾರು 500 ಮಿಲಿಲೀಟರ್ ಹೊಸದಾಗಿ ಉತ್ಪತ್ತಿಯಾಗುತ್ತದೆ. ಇದರ ಚಲನೆಯನ್ನು ಅಳೆಯುವ ಎಂಆರ್‌ಐ ವಿಧಾನಗಳು ಹಲವು. ಎಲ್ಲವೂ ಅಳೆಯುವುದು ಒಂದನ್ನೇ ಅಲ್ಲ.

ಫೇಸ್ ಕಾಂಟ್ರಾಸ್ಟ್: ಮಿದುಳಿನ ಕಿರಿದಾದ ನಾಳದಲ್ಲಿ ದ್ರವವು ಹೃದಯ ಬಡಿತಕ್ಕೆ ತಕ್ಕಂತೆ ಹಿಂದೆ ಮುಂದೆ ಚಲಿಸುವ ವೇಗವನ್ನು ಇದು ದಾಖಲಿಸುತ್ತದೆ. ನಾಳದ ಅಗಲ ಕೆಲವೇ ಮಿಲಿಮೀಟರ್. ಆದ್ದರಿಂದ ಅದರ ಅಂಚನ್ನು ಗುರುತಿಸುವಲ್ಲಿನ ಅಲ್ಪ ವ್ಯತ್ಯಾಸವೂ ಫಲಿತಾಂಶವನ್ನು ಬದಲಿಸುತ್ತದೆ.

ಡಿಟಿಐ-ಆಲ್ಪ್ಸ್: ಜಪಾನಿನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಸೂಚ್ಯಂಕ. ಇದು ಸಣ್ಣ ರಕ್ತನಾಳಗಳ ಬದಿಯ ನೀರಿನ ಕಣಗಳ ಚದುರುವಿಕೆಯನ್ನು ಅಳೆಯುತ್ತದೆ, ಹರಿವನ್ನಲ್ಲ. ನರತಂತುಗಳ ಬದಲಾವಣೆ, ತಲೆಯ ಓರೆ ಕೂಡ ಅಂಕಿಯನ್ನು ಏರುಪೇರು ಮಾಡುತ್ತವೆ.

ಗ್ಯಾಡೊಲಿನಿಯಂ: ಈ ವಸ್ತುವನ್ನು ಬೆನ್ನಿನ ಮೂಲಕ ದ್ರವಕ್ಕೆ ಸೇರಿಸಿ ಗಂಟೆಗಟ್ಟಲೆ ಗಮನಿಸಿದರೆ ಚಲನೆಯ ನೇರ ಚಿತ್ರ ದೊರೆಯುತ್ತದೆ. ಆದರೆ ಸೂಜಿ ಚುಚ್ಚುವುದು ಅನಿವಾರ್ಯ, ಅಪಾಯವೂ ಉಂಟು.

ನಡಿಗೆ ತೊಡರುವ, ಮರೆವು ಕಾಡುವ, ಮೂತ್ರ ಹತೋಟಿ ತಪ್ಪುವ ವೃದ್ಧರಲ್ಲಿ ದ್ರವ ಶೇಖರಣೆಯ ಕಾಯಿಲೆಯಿರಬಹುದು. ಇದನ್ನು 1965ರಲ್ಲಿ ಹಕೀಮ್ ಮತ್ತು ಆಡಮ್ಸ್ ವಿವರಿಸಿದರು. ಹಲವರಿಗೆ ಷಂಟ್ ಶಸ್ತ್ರಚಿಕಿತ್ಸೆಯಿಂದ ಗುಣ ಕಾಣುತ್ತದೆ. ಮನ್ನಾಏಖೇಳ್ಳಿಯಂತಹ ಊರಿನಿಂದ ಸ್ಕ್ಯಾನಿಂಗ್‌ಗೆಂದು ದೂರದ ನಗರಕ್ಕೆ ತೆರಳುವ ಕುಟುಂಬ ಅರಿಯಬೇಕಾದುದಿಷ್ಟೆ: ಹರಿವಿನ ಒಂದು ಅಂಕಿಯಿಂದಲೇ ಶಸ್ತ್ರಚಿಕಿತ್ಸೆ ನಿರ್ಧಾರವಾಗದು. ರೋಗಲಕ್ಷಣ, ಮಿದುಳಿನ ಚಿತ್ರ ಹಾಗೂ 30ರಿಂದ 50 ಮಿಲಿಲೀಟರ್ ದ್ರವ ತೆಗೆದ ನಂತರ ನಡಿಗೆ ಸುಧಾರಿಸಿತೇ ಎಂಬ ಪರೀಕ್ಷೆ, ಇವೆಲ್ಲವನ್ನೂ ವೈದ್ಯರು ಒಟ್ಟಾಗಿ ಪರಿಗಣಿಸುತ್ತಾರೆ. ಹಳೆಯ ವರದಿಯೊಂದಿಗೆ ಹೋಲಿಸುವುದಾದರೆ ಅದೇ ಯಂತ್ರ, ಅದೇ ವಿಧಾನವಿರುವುದು ಒಳಿತು.