ಉದ್ಯೋಗ ಮತ್ತು ಇಂಗ್ಲಿಷ್ ವಾಚನ: ಒಂದು ಐತಿಹಾಸಿಕ ಅವಲೋಕನ

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಮ್ಮ ಹಿರಿಯರು ಕಟ್ಟಿದ ಗೋಡೆ ಗೋಪುರಗಳನ್ನು ಸ್ಮರಿಸುವುದು ಸಹಜ. ಇಗರ್ಜಿಗಳ ನೆರಳಿನಲ್ಲಿ ಬೆಳೆದ ಶಾಲೆಗಳ ಮೂಲಕ ಅವರು ಕೈಗೊಂಡ ಇನ್ನೊಂದು ಸಾಧನೆಯನ್ನೂ ನಾವು ಮರೆಯಲಾಗದು. ಅದು ಇಂಗ್ಲಿಷಿನ ಕಾಗದವನ್ನು ಓದಿ, ಅದರ ಅರ್ಥವನ್ನು ಗ್ರಹಿಸಿ, ತಕ್ಕಂತೆ ನಡೆಯಬಲ್ಲ ಸಾಮರ್ಥ್ಯದ ಸಾಧನೆ. ಮಗನು ನಾಲ್ಕಕ್ಷರ ಇಂಗ್ಲಿಷ್ ಕಲಿತು ಎಲ್ಲಾದರೂ ಕೆಲಸಕ್ಕೆ ಸೇರಲಿ ಎಂಬುದು ತಲೆಮಾರುಗಳ ತಂದೆತಾಯಿಗಳ ಹಾರೈಕೆಯಾಗಿತ್ತು. ಆ ಹಾರೈಕೆ ಹೇಗೆ ಹುಟ್ಟಿತು, ಅದರ ಈಡೇರಿಕೆಗಾಗಿ ಯಾವ ಮಾರ್ಗಗಳನ್ನು ಅನುಸರಿಸಲಾಯಿತು, ಅವುಗಳಿಂದ ನಾವು ಕಲಿಯತಕ್ಕ ಪಾಠವೇನು ಎಂಬುದನ್ನು ಸಂಕ್ಷೇಪವಾಗಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಆಳ್ವಿಕೆಯ ಭಾಷೆ ಅನ್ನದ ಭಾಷೆಯಾದುದು

1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಕೆನರಾ ಪ್ರಾಂತವು ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಆದರೆ ಆಳುವವರು ಬದಲಾದೊಡನೆ ಊರಿನ ಲೆಕ್ಕಪತ್ರಗಳ ಭಾಷೆ ಬದಲಾಗಲಿಲ್ಲ. ಶಾನುಭೋಗರ ಕಡತ ಕನ್ನಡದಲ್ಲಿಯೇ ನಡೆಯಿತು. ಇಂಗ್ಲಿಷ್ ವಿದ್ಯೆಗೂ ಉದ್ಯೋಗಕ್ಕೂ ಗಂಟುಬಿದ್ದುದು ಅನಂತರದ ಮೂರು ನಿರ್ಣಯಗಳಿಂದ. 1835ರಲ್ಲಿ ಮೆಕಾಲೆಯ ಟಿಪ್ಪಣಿಯನ್ನು ಅನುಸರಿಸಿ, ಗವರ್ನರ್ ಜನರಲ್ ಬೆಂಟಿಂಕನು ಸರಕಾರದ ವಿದ್ಯಾನಿಧಿಯನ್ನು ಇಂಗ್ಲಿಷ್ ಶಿಕ್ಷಣಕ್ಕೆ ವಿನಿಯೋಗಿಸುವಂತೆ ಆಜ್ಞಾಪಿಸಿದನು. 1844ರಲ್ಲಿ ಹಾರ್ಡಿಂಜನು, ಇಂಗ್ಲಿಷ್ ಕಲಿತವರಿಗೆ ಸರಕಾರಿ ನೌಕರಿಯಲ್ಲಿ ಆದ್ಯತೆ ದೊರೆಯಬೇಕೆಂದು ಸಾರಿದನು. 1854ರಲ್ಲಿ ಬಂದ ವುಡ್ ಮಹಾಶಯನ ನಿರೂಪವು ಉನ್ನತ ಶಿಕ್ಷಣಕ್ಕೆ ಇಂಗ್ಲಿಷನ್ನೂ ಜನಸಾಮಾನ್ಯರ ಶಿಕ್ಷಣಕ್ಕೆ ದೇಶಭಾಷೆಗಳನ್ನೂ ವಿಧಿಸಿ, ಖಾಸಗಿ ಶಾಲೆಗಳಿಗೆ ಸಹಾಯಧನದ ಬಾಗಿಲನ್ನು ತೆರೆಯಿತು.

ಈ ಸಹಾಯಧನದ ಪದ್ಧತಿಯಿಂದ ಮಿಶನ್ ಶಾಲೆಗಳಿಗೂ ಇತರ ಖಾಸಗಿ ಶಾಲೆಗಳಿಗೂ ಬಲ ಬಂದಿತು. 1857ರಲ್ಲಿ ಮದರಾಸು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಅದರ ಪ್ರವೇಶ ಪರೀಕ್ಷೆಯಾದ ಮೆಟ್ರಿಕ್ಯುಲೇಶನ್ ಉದ್ಯೋಗದ ಹೆಬ್ಬಾಗಿಲಾಯಿತು. ಮಂಗಳೂರಿನಲ್ಲಿ ಯೇಸುಸಭೆಯ ಗುರುಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಸ್ಥಾಪಿಸಿದರು. ಬೆಂಗಳೂರಿನಲ್ಲಿ ಪ್ಯಾರಿಸ್ ವಿದೇಶೀ ಮಿಶನ್ ಸಂಸ್ಥೆಯ ಗುರುಗಳು 1882ರಲ್ಲಿ ಸಂತ ಜೋಸೆಫರ ಕಾಲೇಜನ್ನು ತೆರೆದರು. 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಮಂಗಳೂರಿನಲ್ಲಿ ಕೆನರಾ ಹೈಸ್ಕೂಲನ್ನು ಆರಂಭಿಸಿದರು. ಇಂತಹ ಶಾಲೆ ಕಾಲೇಜುಗಳಿಂದ ಹೊರಬಂದ ತರುಣರು ತಾಲೂಕು ಕಚೇರಿಗಳಲ್ಲಿ ಗುಮಾಸ್ತರಾದರು. ಚಿಕ್ಕಮಗಳೂರು, ಕೊಡಗುಗಳ ಕಾಫಿ ತೋಟಗಳಲ್ಲಿ ರೈಟರಾದರು. ಮುಂಬಯಿಯ ಕಂಪೆನಿಗಳಲ್ಲಿ ಬೆರಳಚ್ಚುಗಾರರೂ ಶೀಘ್ರಲಿಪಿಕಾರರೂ ಆದರು. ತೋಟದ ದೊರೆಯ ಚೀಟಿಯನ್ನು ಓದಿ ಆಳುಗಳಿಗೆ ತಿಳಿಸಬಲ್ಲವನ ಸ್ಥಾನವೂ ಅದನ್ನು ಓದಲಾರದೆ ಕೈಕಟ್ಟಿ ನಿಂತವನ ಸ್ಥಾನವೂ ಬೇರೆ ಬೇರೆಯಾಗಿದ್ದವು.

ನಿಘಂಟು ಮತ್ತು ವ್ಯಾಕರಣ

ಓದುವವನಿಗೆ ಮೊದಲ ಆಸರೆ ನಿಘಂಟು. ವಿಲಿಯಂ ರೀವನ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿಯೇ ಮದರಾಸಿನಲ್ಲಿ ಅಚ್ಚಾಗಿತ್ತು. ಬಾಸೆಲ್ ಮಿಶನ್ನಿನ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಮೈಸೂರು ವಿಶ್ವವಿದ್ಯಾನಿಲಯವು ತನ್ನ ಇಂಗ್ಲಿಷ್-ಕನ್ನಡ ನಿಘಂಟನ್ನು 1946ರಲ್ಲಿ ಹೊರತಂದಿತು.

ಎರಡನೆಯ ಆಸರೆ ವ್ಯಾಕರಣ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ನೆಸ್‌ಫೀಲ್ಡನ ವ್ಯಾಕರಣವೂ 1930ರ ದಶಕದಿಂದ ರೆನ್ ಮತ್ತು ಮಾರ್ಟಿನ್ನರ ವ್ಯಾಕರಣವೂ ಶಾಲೆಗಳನ್ನು ಆಳಿದವು. ಎರಡನೆಯದು ಪರಿಷ್ಕೃತವಾಗಿ ಇಂದಿಗೂ ಅಚ್ಚಾಗುತ್ತಿದೆ. ಪದಗಳ ಜಾತಿಯನ್ನು ಗುರುತಿಸುವುದು, ಕರ್ತರಿಯನ್ನು ಕರ್ಮಣಿಗೆ ತಿರುಗಿಸುವುದು, ಬಿಟ್ಟ ಸ್ಥಳಗಳನ್ನು ತುಂಬುವುದು, ಗದ್ಯಭಾಗವೊಂದನ್ನು ಮೂರನೆಯ ಒಂದು ಪಾಲಿಗೆ ಸಂಗ್ರಹಿಸುವುದು ನಿತ್ಯದ ಅಭ್ಯಾಸಗಳಾಗಿದ್ದವು. ಇವು ವ್ಯರ್ಥವಾದುವೆಂದು ನಾವು ಹೇಳುವುದಿಲ್ಲ. ಉದ್ದವಾದ ಪತ್ರದ ಸಾರಾಂಶವನ್ನು ನಾಲ್ಕು ಸಾಲುಗಳಲ್ಲಿ ಮೇಲಧಿಕಾರಿಗೆ ಬರೆದು ಸಲ್ಲಿಸುವ ಗುಮಾಸ್ತನಿಗೆ ಸಂಗ್ರಹ ಲೇಖನದ ಅಭ್ಯಾಸವು ಜೀವನಪರ್ಯಂತ ಉಪಯೋಗಕ್ಕೆ ಬಂದಿತು. ಆದರೆ ಸೂತ್ರವನ್ನು ಬಾಯಿಪಾಠ ಮಾಡಿದವರೆಲ್ಲ ಪತ್ರವನ್ನು ಅರ್ಥಮಾಡಿಕೊಳ್ಳಬಲ್ಲವರಾಗಲಿಲ್ಲ. ಇಂಗ್ಲಿಷ್ ಪತ್ರಿಕೆಯೊಂದರಲ್ಲೇ ಸೋತು ಮೆಟ್ರಿಕ್ ಫೇಲ್ ಎಂಬ ಹಣೆಪಟ್ಟಿಯನ್ನು ಹೊತ್ತವರು ಊರೂರಲ್ಲಿ ಇದ್ದರು.

ಅರ್ಧದಲ್ಲಿ ಬಿಟ್ಟವನಿಗೆ ಏನು ದಕ್ಕಿತು?

ಈ ಪ್ರಶ್ನೆಯನ್ನು ನೇರವಾಗಿ ಕೇಳಿದವನು ಬಂಗಾಳದ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನ ಮುಖ್ಯಸ್ಥನಾಗಿದ್ದ ಮೈಕೆಲ್ ವೆಸ್ಟ್. ಬಹುಪಾಲು ಮಕ್ಕಳು ಶಿಕ್ಷಣವನ್ನು ಪೂರ್ಣಗೊಳಿಸದೆ ಶಾಲೆ ಬಿಡುವುದನ್ನು ಆತನು ಕಂಡನು. ವಿಮೆಯ ಪಾಲಿಸಿಯನ್ನು ಅವಧಿಗೆ ಮುನ್ನ ಬಿಟ್ಟುಕೊಟ್ಟವನಿಗೂ ಒಂದಿಷ್ಟು ಹಣ ಕೈಗೆ ಬರುತ್ತದೆ. ಅದೇ ಸರೆಂಡರ್ ಮೌಲ್ಯ. ಹಾಗೆಯೇ ಎರಡು ಮೂರು ವರ್ಷ ಮಾತ್ರ ಇಂಗ್ಲಿಷ್ ಕಲಿತು ಬಿಟ್ಟ ಬಾಲಕನಿಗೂ ಉಪಯುಕ್ತವಾದುದೇನಾದರೂ ಉಳಿಯಬೇಕೆಂದು ವೆಸ್ಟ್ ವಾದಿಸಿದನು. ಅರೆಬರೆ ಕಲಿತ ಮಾತುಗಾರಿಕೆಯಿಂದ ಪ್ರಯೋಜನ ಸ್ವಲ್ಪ. ಓದುವ ಶಕ್ತಿಯಾದರೋ ಕಲಿತಷ್ಟೂ ಫಲ ನೀಡುತ್ತದೆ. ಆದ್ದರಿಂದ ವಾಚನಕ್ಕೆ ಅಗ್ರಸ್ಥಾನ ಸಲ್ಲಬೇಕೆಂಬುದು 1926ರಲ್ಲಿ ಪ್ರಕಟವಾದ ಆತನ ಗ್ರಂಥದ ತಿರುಳು. ಹೆಚ್ಚು ಬಳಕೆಯಲ್ಲಿರುವ ಸುಮಾರು 2000 ಪದಗಳನ್ನು ಆಯ್ದ ಆತನ ಪಟ್ಟಿ 1953ರಲ್ಲಿ ಹೊರಬಂದು ಜಗತ್ಪ್ರಸಿದ್ಧವಾಯಿತು. ಬಡವರ ಮಕ್ಕಳ ದೃಷ್ಟಿಯಿಂದ ಇಂಗ್ಲಿಷ್ ಬೋಧನೆಯನ್ನು ಅಳೆದ ಆ ವಿಚಾರವು ನಮಗೆ ಇಂದಿಗೂ ಆದರಣೀಯವಾಗಿ ತೋರುತ್ತದೆ.

ಬೆಂಗಳೂರಿನ ಪ್ರಯೋಗ

ಸ್ವಾತಂತ್ರ್ಯಾನಂತರ 1963ರ ಅಧಿನಿಯಮವು ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯನ್ನಾಗಿ ಮಾಡಿತು. ಅದೇ ವರ್ಷ ಬೆಂಗಳೂರಿನಲ್ಲಿ ಇಂಗ್ಲಿಷ್ ಶಿಕ್ಷಕರ ತರಬೇತಿಗಾಗಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಸ್ಥಾಪನೆಯಾಯಿತು. ಈ ಸಂಸ್ಥೆಯ ಆಶ್ರಯದಲ್ಲಿ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ನಡೆಸಿದ ಪ್ರಯೋಗವು ಬೆಂಗಳೂರು ಯೋಜನೆಯೆಂದು ಲೋಕವಿಖ್ಯಾತವಾಯಿತು.

ಆ ತರಗತಿಗಳಲ್ಲಿ ವ್ಯಾಕರಣದ ಸೂತ್ರಗಳನ್ನು ಪಾಠವಾಗಿ ಹೇಳಿಕೊಡಲಿಲ್ಲ. ರೈಲಿನ ವೇಳಾಪಟ್ಟಿ, ಭೂಪಟ, ಪಂಚಾಂಗದ ದಿನಗಳು, ಕೊಳ್ಳುವ ಮಾರುವ ಲೆಕ್ಕ ಇವನ್ನು ಇಂಗ್ಲಿಷಿನಲ್ಲಿ ಮುಂದಿಟ್ಟು, ಯಾವ ರೈಲು ಹಿಡಿದರೆ ಸಕಾಲಕ್ಕೆ ತಲಪಬಹುದು ಎಂಬಂತಹ ಸಮಸ್ಯೆಗಳನ್ನು ಬಿಡಿಸುವಂತೆ ಕೇಳಲಾಯಿತು. ಶಿಕ್ಷಕರು ಮೊದಲು ಒಂದನ್ನು ತರಗತಿಯೊಡನೆ ಚರ್ಚಿಸಿ ಬಿಡಿಸುತ್ತಿದ್ದರು. ಅನಂತರ ಅಂತಹುದೇ ಇನ್ನೊಂದನ್ನು ಮಕ್ಕಳು ತಾವಾಗಿಯೇ ಬಿಡಿಸಬೇಕಾಗಿತ್ತು. ತರಗತಿಯ ಅರ್ಧದಷ್ಟು ಮಕ್ಕಳಾದರೂ ಸಮಸ್ಯೆಯ ಅರ್ಧದಷ್ಟನ್ನಾದರೂ ಬಿಡಿಸಬಲ್ಲರಾದರೆ ಅದು ತಕ್ಕ ಮಟ್ಟದ್ದೆಂಬ ಎಣಿಕೆಯಿತ್ತು. ಮನಸ್ಸು ಅರ್ಥದಲ್ಲಿ ತೊಡಗಿದ್ದಾಗ ವ್ಯಾಕರಣವು ತಾನಾಗಿ ಒಳಗಿಳಿಯುತ್ತದೆ ಎಂಬುದೇ ಇದರ ಹಿಂದಿನ ನಂಬಿಕೆ. 1985ರಲ್ಲಿ ಪ್ರಕಟವಾದ ಮೌಲ್ಯಮಾಪನವು ಈ ನಂಬಿಕೆಯನ್ನು ಎಚ್ಚರಿಕೆಯಿಂದಲೇ ಬೆಂಬಲಿಸಿತು. ಸಾಮಾನ್ಯ ಶಾಲೆಗಳಲ್ಲಿ ಈ ಕ್ರಮವು ಬೇರೂರಲಿಲ್ಲವಾದರೂ, ಕಾರ್ಯದ ಮೂಲಕ ಭಾಷೆಯನ್ನು ಕಲಿಸುವ ಮಾರ್ಗಕ್ಕೆ ನಮ್ಮ ನಾಡಿನ ತರಗತಿಗಳು ದಾರಿ ತೋರಿಸಿದುವೆಂಬುದು ಅಭಿಮಾನದ ಸಂಗತಿ.

ಕಚೇರಿಯ ವಾಕ್ಯದ ಗುಟ್ಟು

ಹಾಗಾದರೆ ವ್ಯಾಕರಣವೇ ಬೇಡವೆ? ಬೇಕು, ಆದರೆ ಅರ್ಥವನ್ನು ಕಾಯುವ ಕಾವಲುಗಾರನಾಗಿ ಬೇಕು. ಅರ್ಜಿಯನ್ನು ಹತ್ತನೆಯ ತಾರೀಕು 'ಬೈ' ಸಲ್ಲಿಸಿರೆಂದರೆ ಹತ್ತರೊಳಗೆ ಒಮ್ಮೆ ಸಲ್ಲಿಸಬೇಕೆಂದರ್ಥ. ಕಚೇರಿಯು ಹತ್ತನೆಯ ತಾರೀಕು 'ಟಿಲ್' ತೆರೆದಿರುತ್ತದೆಯೆಂದರೆ ಹತ್ತರವರೆಗೂ ತೆರೆದಿರುತ್ತದೆಯೆಂದರ್ಥ. ಕನ್ನಡದ 'ಒಳಗೆ', 'ವರೆಗೆ' ಎಂಬ ಪದಗಳನ್ನು ಬಲ್ಲವನಿಗೆ ಈ ಭೇದವನ್ನು ಕಲಿಸಲು ಒಂದು ನಿಮಿಷ ಸಾಕು. ಹಾಗೆಯೇ ನಿಯಮಗಳ ಭಾಷೆಯಲ್ಲಿ 'ಷಲ್' ಎಂದರೆ ಮಾಡಲೇಬೇಕು, 'ಮೇ' ಎಂದರೆ ಮಾಡಬಹುದು. ಈ ಒಂದು ಪದದಲ್ಲಿ ನೌಕರನ ಹಕ್ಕೂ ಮೇಲಧಿಕಾರಿಯ ವಿವೇಚನೆಯೂ ಬೇರೆಯಾಗುತ್ತವೆ.

ಇನ್ನೊಂದು ಭೇದವು ಹೆಚ್ಚು ಗಂಭೀರವಾದುದು. ಕನ್ನಡದಲ್ಲಿ ಸಾಮಾನ್ಯವಾಗಿ ಷರತ್ತು ಮೊದಲು, ಕ್ರಿಯಾಪದ ಕೊನೆಗೆ: 'ಎರಡು ವರ್ಷ ಪೂರೈಸಿದರೆ ಮಾತ್ರ ಪ್ರಯಾಣದ ಖರ್ಚನ್ನು ಕೊಡಲಾಗುವುದು.' ಇಂಗ್ಲಿಷಿನಲ್ಲಿ ಹಲವು ವೇಳೆ ಖರ್ಚನ್ನು ಕೊಡುವ ಮಾತು ಮೊದಲು ಬಂದು, ಷರತ್ತು ಅದರ ಬಾಲಕ್ಕೆ ಅಂಟಿಕೊಂಡಿರುತ್ತದೆ. ಮೊದಲ ಸಾಲಿನ ಭರವಸೆಯನ್ನು ಓದಿ ಹಿಗ್ಗಿದವನು 'ಪ್ರೊವೈಡೆಡ್', 'ಸಬ್ಜೆಕ್ಟ್ ಟು', 'ಅನ್‌ಲೆಸ್' ಎಂಬ ಪದಗಳ ಮುಂದಿನ ಮಾತನ್ನು ಓದದೆ ಸಹಿ ಹಾಕಿದರೆ ಆಗುವ ನಷ್ಟವನ್ನು ತುಂಬಿಕೊಡುವವರಿಲ್ಲ. ಕೆಲಸಕ್ಕಾಗಿ ಕಡಲು ದಾಟುವ ನಮ್ಮ ಮಕ್ಕಳ ಕರಾರುಪತ್ರಗಳಲ್ಲಿ ಇಂತಹ ವಾಕ್ಯಗಳೇ ತುಂಬಿರುತ್ತವೆ.

ಇಂದಿನ ಪರೀಕ್ಷೆಗಳು

ಬೆಂಗಳೂರಿನ ಪ್ರಯೋಗ ಆರಂಭವಾದ 1979ರಲ್ಲಿಯೇ ಜಪಾನಿನಲ್ಲಿ ಟೋಯಿಕ್ ಎಂಬ ಉದ್ಯೋಗದ ಇಂಗ್ಲಿಷ್ ಪರೀಕ್ಷೆಯೂ ಆರಂಭವಾಯಿತು. ಅದರ ವಾಚನ ವಿಭಾಗದಲ್ಲಿ 75 ನಿಮಿಷಗಳಲ್ಲಿ 100 ಪ್ರಶ್ನೆಗಳು. ಅವುಗಳಲ್ಲಿ 30 ವಾಕ್ಯ ಪೂರ್ಣಗೊಳಿಸುವ ವ್ಯಾಕರಣ ಮತ್ತು ಪದಪ್ರಯೋಗದ ಪ್ರಶ್ನೆಗಳಾದರೆ, 54 ಪತ್ರ, ಪ್ರಕಟಣೆ, ಜಾಹೀರಾತುಗಳ ಗ್ರಹಿಕೆಯವು. ದಾದಿಯರೇ ಮೊದಲಾದ ವೈದ್ಯಕೀಯ ವೃತ್ತಿಗಳವರಿಗಾಗಿ ಆಸ್ಟ್ರೇಲಿಯದಲ್ಲಿ ರೂಪುಗೊಂಡ ಒಇಟಿ ಪರೀಕ್ಷೆಯನ್ನು ಬ್ರಿಟನ್ನಿನ ದಾದಿಯರ ನೋಂದಣಿ ಮಂಡಳಿಯು 2017ರಿಂದ ಮಾನ್ಯ ಮಾಡಿದೆ. ಅದರ ವಾಚನ ಭಾಗವು ಒಂದೇ ವಿಷಯದ ನಾಲ್ಕು ಚಿಕ್ಕ ಬರಹಗಳಿಂದ 15 ನಿಮಿಷಗಳಲ್ಲಿ 20 ಪ್ರಶ್ನೆಗಳಿಗೆ ಉತ್ತರ ಹುಡುಕುವುದರಿಂದ ಆರಂಭವಾಗುತ್ತದೆ. ವಾರ್ಡಿನಲ್ಲಿ ಔಷಧದ ಪ್ರಮಾಣವನ್ನು ಹುಡುಕುವ ದಾದಿಯ ಕೆಲಸವೂ ಅದೇ ಅಲ್ಲವೆ? ಅಲ್ಲಿ ಒಂದು ಪದವನ್ನು ತಪ್ಪಾಗಿ ಓದಿದರೆ ಕಳೆಯುವುದು ಅಂಕವಲ್ಲ, ರೋಗಿಯ ಪ್ರಾಣ.

ಉಪಸಂಹಾರ

ಈ ದೀರ್ಘ ಇತಿಹಾಸದಿಂದ ನಾವು ಗ್ರಹಿಸತಕ್ಕ ಪಾಠ ಇದು: ಇಂಗ್ಲಿಷ್ ವಾಚನವು ಪ್ರತಿಷ್ಠೆಯ ಆಭರಣವಲ್ಲ, ಪರರ ಬಾಯಿಯನ್ನು ನೋಡದೆ ಬದುಕುವ ಉಪಾಯ. ಅದಕ್ಕೆ ಮಾತೃಭಾಷೆ ಅಡ್ಡಿಯಲ್ಲ, ಏಣಿ. ಕಾಗದವನ್ನು ಕೊನೆಯವರೆಗೆ ಓದಿ, ಯಾರು, ಏನನ್ನು, ಯಾವಾಗ, ಯಾವ ಷರತ್ತಿನ ಮೇಲೆ ಮಾಡಬೇಕು ಎಂದು ಕೇಳಿಕೊಂಡು, ಉತ್ತರವನ್ನು ಕನ್ನಡದಲ್ಲಾಗಲಿ ಕೊಂಕಣಿ, ತುಳುಗಳಲ್ಲಾಗಲಿ ಮನೆಯವರಿಗೆ ಬಿಡಿಸಿ ಹೇಳಬಲ್ಲವನೇ ಅದನ್ನು ನಿಜವಾಗಿ ಓದಿದವನು. ಭಾನುವಾರದ ಪೂಜೆಯ ಬಳಿಕ ಸಭಾಭವನದಲ್ಲಿ ಕುಳಿತು, ವಿದ್ಯಾವಂತ ಯುವಜನರು ನೆರೆಹೊರೆಯವರೊಡನೆ ಒಂದು ನೇಮಕಾತಿ ಪತ್ರವನ್ನೋ ಬ್ಯಾಂಕಿನ ಸಾಲಪತ್ರವನ್ನೋ ಹೀಗೆ ಓದುವ ಪರಿಪಾಠವನ್ನು ಆರಂಭಿಸಿದರೆ, ಶಾಲೆ ಕಟ್ಟಿದ ಹಿರಿಯರ ಋಣದಲ್ಲಿ ಅಲ್ಪಾಂಶವನ್ನಾದರೂ ತೀರಿಸಿದಂತಾಗುವುದು.